ದೀಪಾವಳಿಗೆ ಬದಲಾಯಿಸಿದ ಆಯಿಲು

ಟ್ರ್ಯಾಕ್ಟರಿನ ಲಿಫ್ಟು ಸೊರಗಿದೆ ಎಂದು ನನಗೆ ಮೊದಲು ಗೊತ್ತಾದದ್ದು ಹೊಲದ ಬದುವಿನಲ್ಲಿ. ಸಾಲು ಮುಗಿದ ಕಡೆ ಟ್ರ್ಯಾಕ್ಟರಿನ ಹಿಂದಿರುವ ಕಲ್ಟಿವೇಟರನ್ನು ನೆಲದಿಂದ ಎತ್ತಿ, ಗಾಡಿ ತಿರುಗಿಸಿಕೊಂಡು, ಮತ್ತೆ ಇಳಿಸಬೇಕು. ಸೀಟಿನ ಪಕ್ಕದ ಲಿವರ್ ಎಳೆದರೆ ಸಾಕು, ಒಳಗಿನ ಆಯಿಲಿನ ಒತ್ತಡಕ್ಕೆ ಲಿಫ್ಟು ಅದನ್ನು ತಾನಾಗಿ ಎತ್ತುತ್ತದೆ. ಅವತ್ತು ಎಳೆದೆ. ಒಂದು ಗೇಣು ಎದ್ದಿತು, ನಿಂತಿತು, ಇನ್ನು ನಾಲ್ಕು ಬೆರಳು ಎದ್ದಿತು, ಮತ್ತೆ ನಿಂತಿತು. ಅಷ್ಟರಲ್ಲಿ ಅದರ ಹಲ್ಲುಗಳು ಅರ್ಧ ಬದುವನ್ನೇ ಕೆರೆದು ಹಾಕಿದ್ದವು. ನಾನು ಬಾಯಿಗೆ ಬಂದಂತೆ ಬೈದೆ. ಟ್ರ್ಯಾಕ್ಟರು ನನ್ನ ಬೈಗುಳ ಕೇಳಿ ಕೇಳಿ ಹಳೆಯದಾದದ್ದು, ಅದಕ್ಕೇನೂ ಅನ್ನಿಸಿದಂತೆ ಕಾಣಲಿಲ್ಲ.

ಹನಗೋಡಿನ ಪಕ್ಕದ ಊರು ನಮ್ಮದು. ಮೇಲಿನ ಹೊಲದಲ್ಲಿ ಹೊಗೆಸೊಪ್ಪು, ಹೊಳೆ ಕಡೆ ಒಂದಿಷ್ಟು ಗದ್ದೆ. ಮದುವೆಯಾಗಿ ಹೋದವಳು ಎರಡೇ ವರ್ಷಕ್ಕೆ ತವರಿಗೆ ವಾಪಸ್ಸು ಬಂದೆ. ಯಾಕೆ ಎಂದು ಊರಿಗೆಲ್ಲ ಹೇಳುವ ವ್ಯವಧಾನ ನನಗಿರಲಿಲ್ಲ. ಅಪ್ಪನಿಗೂ ಕೇಳುವ ಅಭ್ಯಾಸವಿರಲಿಲ್ಲ. ಅವರು ನನ್ನನ್ನು ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂರಿಸಿ ಕ್ಲಚ್ಚು ತೋರಿಸಿದರು. ಊರವರು ಗಂಡುಬೀರಿ ಎಂದರು. ಅಪ್ಪ ತೀರಿಕೊಂಡ ಮೇಲೆ ಜಮೀನೂ ಟ್ರ್ಯಾಕ್ಟರೂ ಆ ಹೆಸರೂ ಮೂರೂ ನನ್ನ ಪಾಲಿಗೆ ಬಂದವು.

ಟ್ರ್ಯಾಕ್ಟರಿನ ಜೊತೆ ಒಬ್ಬರು ಮೇಸ್ತ್ರಿಯೂ ಬಂದರು. ಹುಣಸೂರಿನ ಪೇಟೆಯ ಹಿಂಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಸಾಬರು. ಅಪ್ಪ ಅವರನ್ನು ಭಾಯಿ ಅನ್ನುತ್ತಿದ್ದರು, ನಾನು ಮೊದಲಿನಿಂದ ಮಾಮ ಅನ್ನುತ್ತಿದ್ದೆ. ನಮ್ಮ ಟ್ರ್ಯಾಕ್ಟರ್ ಬಂದ ವರ್ಷದಿಂದ ಅದಕ್ಕೆ ಬೇರೆಯವರ ಪಾನಾ, ಸ್ಪ್ಯಾನರು ತಾಗಿದ್ದು ಕಡಿಮೆ. ಗಾಡಿ ಮುಟ್ಟುವ ಮೊದಲು ಅವರು ಒಂದು ಕಬ್ಬಿಣದ ಸ್ಟೂಲಿನ ಮೇಲೆ ಕೂತು, ಬಂದವರನ್ನು ಪ್ರಶ್ನೆ ಕೇಳುತ್ತಿದ್ದರು. ಆಯಿಲ್ ಯಾವಾಗ ಹಾಕಿದ್ದು, ಕೊನೆಗೆ ಬಿಚ್ಚಿದವರು ಯಾರು, ತೊಂದರೆ ಶುರುವಾದಾಗ ಏನು ಕೆಲಸ ನಡೀತಿತ್ತು. ಬೇರೆ ಮೆಕ್ಯಾನಿಕ್ಕುಗಳು ಬಂದ ತಕ್ಷಣ ಪಾನಾ ಹಿಡಿಯುತ್ತಾರಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಓಡ್ಸೋರ್ಗೆ ಗೊತ್ತಿರೋಷ್ಟು ಬಿಚ್ಚೋರ್ಗೆ ಗೊತ್ತಿರಲ್ಲ ಕಣಮ್ಮ" ಅಂದಿದ್ದರು. ಅಪ್ಪ ಅವರ ಮುಂದೆ ತಮ್ಮ ಎಡವಟ್ಟುಗಳನ್ನೆಲ್ಲ ನಗುತ್ತಲೇ ಒಪ್ಪಿಸುತ್ತಿದ್ದರು. ಒಮ್ಮೆ ಡೀಸೆಲ್ ಟ್ಯಾಂಕಿಗೆ ನೀರು ಸುರಿದದ್ದನ್ನೂ ಹಾಗೇ ಹೇಳಿದ್ದರು. ನನಗೆ ಅಪ್ಪನ ಸಿಟ್ಟು ಬಂತು, ಆ ನಗು ಬರಲಿಲ್ಲ.

ನನ್ನ ಎಡವಟ್ಟು ನಡೆದದ್ದು ಲಿಫ್ಟು ಸೊರಗುವುದಕ್ಕೆ ಹಿಂದಿನ ಮಳೆಗಾಲದಲ್ಲಿ. ಅಕ್ಕನನ್ನು ಕೊಟ್ಟಿರುವುದು ಚುಂಚನಕಟ್ಟೆಯ ಹತ್ತಿರ. ನಾಟಿಯ ಸಮಯಕ್ಕೆ ಅವರ ಗದ್ದೆಯಲ್ಲಿ ಕೆಸರು ಹೊಡೆಯಲು ನಮ್ಮ ಟ್ರ್ಯಾಕ್ಟರನ್ನೇ ಓಡಿಸಿಕೊಂಡು ಹೋಗಿದ್ದೆ. ಲಿಫ್ಟಿನ ಆಯಿಲ್ ಎಷ್ಟಿದೆ ನೋಡೋಣ ಎಂದು ಆಯಿಲ್ ಸುರಿಯುವ ಬಾಯಿಯ ಮುಚ್ಚಳ ಬಿಚ್ಚಿ ಮಡ್‌ಗಾರ್ಡಿನ ಮೇಲಿಟ್ಟೆ. ನೋಡಿದೆ. ಯಾರೋ ಊಟಕ್ಕೆ ಕರೆದರು. ವಾಪಸ್ಸು ಬಂದು ಮುಚ್ಚಳದ ನೆನಪಿಲ್ಲದೆ ಹತ್ತಿ ಹೊರಟೇಬಿಟ್ಟೆ. ನೆನಪಾದಾಗ ಅದು ಆ ಗದ್ದೆಯ ಯಾವುದೋ ಮೂಲೆಯ ಕೆಸರಿನಲ್ಲಿತ್ತು. ಭಾವನ ಮನೆಯವರೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ಕೈಯಾಡಿಸಿ ಹುಡುಕಿದರು. ಒಂದು ಏಡಿ ಸಿಕ್ಕಿತು, ಮುಚ್ಚಳ ಸಿಗಲಿಲ್ಲ.

ಊರಿಗೆ ಬಂದವಳು ಹೊಗೆಸೊಪ್ಪಿನ ಬೇಲು ಸುತ್ತಲು ತಂದಿಟ್ಟಿದ್ದ ಗೋಣಿತಾಟಿನಿಂದ ಒಂದು ತುಂಡು ಹರಿದು, ತಿರುಚಿ, ಆ ಬಾಯಿಗೆ ಗಿಡಿದೆ. ಎರಡು ದಿನಕ್ಕೆ ಅಂತ ಮಾಡಿದ್ದು ಎಂಟು ತಿಂಗಳು ನಡೆಯಿತು. ನಮ್ಮ ಕಡೆ ಗೋಣಿತಾಟಿಗೆ ಬರವಿಲ್ಲ. ಕಾಲೊರೆಸುವುದರಿಂದ ಹಿಡಿದು ಕರುವಿಗೆ ಹೊದಿಸುವ ತನಕ ಎಲ್ಲಕ್ಕೂ ಅದೇ. ಆಗಾಗ ಆ ಬಿರಡೆಯನ್ನು ತೆಗೆದು ನೋಡಿದಾಗ ಅದರ ತುದಿ ಸವೆದು ಗಿಡ್ಡವಾಗಿರುತ್ತಿತ್ತು. ಇನ್ನೊಂದು ತುಂಡು ಹರಿದು ಗಿಡಿಯುತ್ತಿದ್ದೆ. ಸವೆದದ್ದು ಎಲ್ಲಿಗೆ ಹೋಯಿತು ಎಂದು ಒಂದು ದಿನವಾದರೂ ಕೇಳಿಕೊಳ್ಳಲಿಲ್ಲ.

ಲಿಫ್ಟು ಸೊರಗಿದ ಮಾರನೆಯ ದಿನವೇ ಹುಣಸೂರಿಗೆ ಹೊರಟೆ. ಹೊರಡುವ ಮೊದಲು ಎರಡು ಲೀಟರ್ ಹೊಸ ಆಯಿಲ್ ಸುರಿದು ಮಟ್ಟ ಸರಿ ಮಾಡಿದೆ. ಪೇಟೆಗೆ ಬಂದವಳು ನೇರ ಶೆಡ್ಡಿಗೆ ಹೋಗಲಿಲ್ಲ. ಎರಡು ಬೀದಿ ಈಚೆಗೆ ಗಾಡಿ ನಿಲ್ಲಿಸಿ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೊಸ ಮುಚ್ಚಳ ಕೊಂಡು, ಗೋಣಿ ಬಿರಡೆಯನ್ನು ಚರಂಡಿಗೆಸೆದು, ಮುಚ್ಚಳ ತಿರುಗಿಸಿ, ಅದು ಹೊಸದಾಗಿ ಕಾಣಬಾರದೆಂದು ಸೆರಗಿನಲ್ಲಿದ್ದ ಧೂಳನ್ನೇ ಅದಕ್ಕೆ ಸ್ವಲ್ಪ ಬಳಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಶೆಡ್ಡಿನ ಮುಂದೆ ಪಿರಿಯಾಪಟ್ಟಣದ ಕಡೆಯ ಇಬ್ಬರು ತಮ್ಮ ಗಾಡಿ ಬಿಟ್ಟು ಟೈರಿನ ಮೇಲೆ ಕೂತಿದ್ದರು. ನಾನು ಇಳಿದದ್ದನ್ನು ನೋಡಿ ಒಬ್ಬ ಇನ್ನೊಬ್ಬನ ಮೊಣಕೈ ತಿವಿದು, "ಡ್ರೈವರಮ್ಮ ಬಂದ್ರು ಕಣ್ಲಾ" ಅಂದ. ಮಾಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ಉಪವಾಸದ ತಿಂಗಳು ಅದು, ಅವರ ತುಟಿ ಒಣಗಿತ್ತು. ಸ್ಟೂಲಿನ ಮೇಲೆ ಕೂತು ಶುರು ಮಾಡಿದರು.

"ಆಯಿಲ್ ಯಾವಾಗ ಬದಲಾಯ್ಸಿದ್ದಮ್ಮ?"

ಬದಲಾಯಿಸಿ ಮೂರು ವರ್ಷವಾಗಿತ್ತು. ಟೈರಿನ ಮೇಲಿದ್ದವರಿಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ದೀಪಾವಳಿಗೆ, ಮಾಮ."

"ಜಾಲರಿ ತೊಳ್ಸಿದ್ಯಾ?"

ಆ ಜಾಲರಿ ಇರುವುದು ತಳದಲ್ಲಿ. ಪಂಪು ಆಯಿಲನ್ನು ಎಳೆದುಕೊಳ್ಳುವುದು ಅದರ ಮೂಲಕ. ಪೂರ್ತಿ ಆಯಿಲ್ ಇಳಿಸದೆ ಅದು ಕೈಗೆ ಸಿಗುವುದಿಲ್ಲ.

"ತೊಳ್ಸಿದೆ. ಅಕ್ಕನ ಊರಿಗೆ ಹೋಗಿದ್ದಾಗ ಕೆ.ಆರ್. ನಗರದಲ್ಲೇ ಎರಡೂ ಮಾಡ್ಸಿದೆ."

ಅವರು ಅಳತೆ ಕಡ್ಡಿಯನ್ನೆಳೆದು, ಬನಿಯನ್ ವೇಸ್ಟಿನ ಚಿಂದಿಯಲ್ಲಿ ಒರೆಸಿ, ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ದೀಪಾವಳೀದಾ ಇದು?" ಎಂದು ಮತ್ತೊಮ್ಮೆ ಕೇಳಿದರು. ನನಗೆ ರೇಗಿತು. ತಪ್ಪು ಮಾಡಿದವರಿಗೆ ರೇಗುವುದು ಬೇಗ. "ಹೂಂ ಮಾಮ, ನಾನೇನ್ ಸುಳ್ ಹೇಳ್ತೀನಾ? ಕೆಲಸ ಜಾಸ್ತಿ ಆಗ್ಯದೆ, ಅದಕ್ಕೇ ಕಪ್ಪಾಗ್ಯದೆ" ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ಸರಿ ಬುಡು" ಅಂದರು.

ಎಂಜಿನ್ ಚಾಲು ಮಾಡಿಸಿ ಕಲ್ಟಿವೇಟರನ್ನು ಎತ್ತಿಸಿದರು. ತಿಣುಕುತ್ತ ಎದ್ದಿತು. ಹಿಂಬದಿಯಲ್ಲಿ ಕೂತು ಅದರ ಸದ್ದಿಗೆ ಕಿವಿಯಾನಿಸಿದರು. ಆಮೇಲೆ ಎಂಜಿನ್ ಆಫ್ ಮಾಡಿಸಿದರು. ಎತ್ತಿದ ಕಲ್ಟಿವೇಟರು ನಿಧಾನಕ್ಕೆ ಜಾರಿ ಅರ್ಧ ಗೇಣು ಕೆಳಗಿಳಿಯಿತು. ಲಿಫ್ಟಿನ ಪಿಸ್ಟನ್ನಿನ ರಿಂಗು ಸವೆದಿದೆ, ಮೇಲಿನ ಕವರ್ ಬಿಚ್ಚಬೇಕು ಎಂದರು. ಆ ಕವರನ್ನು ಎತ್ತುವುದಕ್ಕೆ ಇಬ್ಬರು ಗಟ್ಟಿ ಆಳು ಬೇಕು. ಟೈರಿನ ಮೇಲಿದ್ದವರ ಕೈಯಲ್ಲೂ ಹಿಡಿಸಿ, ಅರವತ್ತು ದಾಟಿದ ಆ ಮನುಷ್ಯ ಬಾಯಿಗೆ ನೀರಿಲ್ಲದೆ ಬಿಸಿಲಿನಲ್ಲಿ ಅದನ್ನು ಎತ್ತಿದರು. ನಾನು ಎದುರಿನ ಅಂಗಡಿಯಲ್ಲಿ ಟೀ ಕುಡಿದು ಬಂದೆ.

ರಿಂಗು ಹಾಕಿ ಕೂರಿಸಿದ ಮೇಲೆ ಎತ್ತಿದ್ದು ಜಾರದೆ ನಿಂತಿತು. ಆದರೆ ಏಳುವುದು ಮಾತ್ರ ಮೊದಲಿನ ಹಾಗೇ, ತಿಣುಕಿ ತಿಣುಕಿ. ಮಾಮ ತಲೆಯ ಟೋಪಿ ತೆಗೆದು, ಕೆರೆದುಕೊಂಡು, ಮತ್ತೆ ಹಾಕಿಕೊಂಡರು. ಮಾರನೆಯ ದಿನ, ಆಯಿಲ್ ಇಳಿಸದೆಯೇ ಹೊರಗಿನಿಂದ ಬಿಚ್ಚಬಹುದಾದ ಪಂಪನ್ನೇ ಬದಲಾಯಿಸಿದರು. ಹೊಸ ಪಂಪು ಹಾಕಿದರೂ ಅದೇ ಕಥೆ. "ಯಾಕೋ ನಂಗ್ ಗೊತ್ತಾಗ್ತಿಲ್ಲ ಕಣಮ್ಮ" ಎಂದು ಅವರು ಹೇಳಿದ್ದನ್ನು ನಾನು ಅಲ್ಲಿಯ ತನಕ ಕೇಳಿಯೇ ಇರಲಿಲ್ಲ. ಹೊಗೆಸೊಪ್ಪಿನ ಸಸಿ ಕೀಳುವ ಹೊತ್ತು ಹತ್ತಿರ ಬಂದಿತ್ತು, ಹೊಲ ಹದವಾಗಿರಲಿಲ್ಲ. ನಾನು ಗಾಡಿ ಹತ್ತಿ ಬಂದುಬಿಟ್ಟೆ. ಬರುವಾಗ ದಾರಿಯುದ್ದಕ್ಕೂ ನನಗೆ ಅನ್ನಿಸಿದ್ದು ಏನು ಗೊತ್ತೇ? ಇವರಿಂದ ನನ್ನ ಎರಡು ದಿನ ಹಾಳಾಯಿತು ಎಂದು. ಸುಳ್ಳು ಹೇಳಿದ್ದು ನನ್ನ ನೆನಪಿನಲ್ಲೇ ಇರಲಿಲ್ಲ. ಗೋಣಿತಾಟಿಗೂ ಲಿಫ್ಟಿಗೂ ಸಂಬಂಧವಿರಬಹುದು ಎಂದು ಹೊಳೆಯಲೂ ಇಲ್ಲ.

ಮಾರನೆಯ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಹೊಲದ ದೊಡ್ಡಪ್ಪ ಒಬ್ಬರು, "ಏನವ್ವ, ಲಿಫ್ಟು ಸರೋಯ್ತಾ?" ಎಂದು ಕೇಳಿದರು.

"ಎಲ್ ಸರೋಯ್ತು ದೊಡ್ಡಪ್ಪ. ಸಾಬ್ರ ಕೈಗುಣ ಹೋಯ್ತು ಕಣಿ" ಅಂದೆ.

ನಮ್ಮ ಕಡೆ ಕೈಗುಣ ಅನ್ನುವುದು ಸಣ್ಣ ಮಾತಲ್ಲ. ಸಸಿಮಡಿಗೆ ಬೀಜ ಚೆಲ್ಲುವುದಕ್ಕೆ ಕೈಗುಣ ಇರುವವರನ್ನೇ ಕರೆಯುತ್ತಾರೆ. ಸೂಜಿ ಚುಚ್ಚುವ ಡಾಕ್ಟರಿಗೂ, ಉಪ್ಪಿನಕಾಯಿ ಹಾಕುವ ಅಜ್ಜಿಗೂ ಅದು ಬೇಕು. ಮೇಸ್ತ್ರಿ ಒಂದು ಕೆಲಸ ಕೆಡಿಸಿದರು ಅಂದಿದ್ದರೆ ಜನ ಇನ್ನೊಂದು ಸಲ ನೋಡುತ್ತಿದ್ದರು. ಕೈಗುಣವೇ ಹೋಯಿತು ಅಂದರೆ, ಬೇಸಾಯ ಶುರುವಾಗುವ ಹೊತ್ತಿನಲ್ಲಿ ಆ ಕೈಯಿಂದ ಗಾಡಿ ಮುಟ್ಟಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಸಾಲಿನಲ್ಲಿದ್ದ ಹತ್ತು ಹನ್ನೆರಡು ಜನ ಅದನ್ನು ಕೇಳಿಸಿಕೊಂಡರು. "ಅಂಗಾ? ವಯಸ್ಸಾಯ್ತಲ್ಲ ಪಾಪ" ಎಂದು ಯಾರೋ ಅಂದರು. ನಾನು ಹಾಲು ಅಳೆಸಿ ಮನೆಗೆ ಬಂದೆ.

ಆ ವಾರವೇ ಟ್ರ್ಯಾಕ್ಟರನ್ನು ಕೆ.ಆರ್. ನಗರಕ್ಕೆ ಓಡಿಸಿದೆ. ಅಲ್ಲಿ ಭಾವನಿಗೆ ಪರಿಚಯದ ಒಬ್ಬ ಮೆಕ್ಯಾನಿಕ್ಕಿದ್ದ, ನನಗಿಂತ ಚಿಕ್ಕವನು. ನಾನು ಆಗಿದ್ದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಗಾಡಿಯ ಕೆಳಗೆ ಬಾಂಡ್ಲಿ ಇಟ್ಟು ತಳದ ಬೋಲ್ಟು ಸಡಿಲಿಸಿ ಆಯಿಲ್ ಇಳಿಸತೊಡಗಿದ್ದ. "ಅಯ್ಯೋ, ಆಯಿಲ್ ಬದಲಾಯ್ಸಿರೋದು" ಎಂದು ಅಲ್ಲಿಯೂ ಹಳೆಯ ರಾಗ ತೆಗೆದೆ. ಅವನು ಮಲಗಿದಲ್ಲಿಂದಲೇ, "ಓನರ್‌ಗಳು ಏಳೋದ್ನ ನಾನ್ ಕೇಳೋದೇ ಇಲ್ಲ ಕಣಕ್ಕ. ಎಲ್ರೂ ಬದಲಾಯ್ಸಿದೀನಿ ಅಂತ್ಲೇ ಏಳೋದು" ಅಂದ.

ಜಾಲರಿ ಹೊರಗೆ ಬಂತು. ಅದು ಜಾಲರಿಯ ಹಾಗೆ ಕಾಣುತ್ತಿರಲಿಲ್ಲ. ಸುತ್ತಲೂ ಗೋಣಿಯ ನಾರು ಹೆಣೆದುಕೊಂಡು, ಆಯಿಲಿನ ಗಸಿ ಕುಡಿದು, ಕಂಬಳಿ ಹೊದಿಸಿದಂತೆ ಆಗಿತ್ತು. ಅವನು ಬೆರಳಿನಿಂದ ಒಂದು ಎಳೆ ಎಳೆದು, "ಇದೆಂಗಕ್ಕ ಒಳಕ್ ಓಯ್ತು ಗೋಣಿ? ಸೊಪ್ಪಿನ್ ಬೇಲು ಇದ್ರೊಳ್ಗೇ ಕಟ್ತೀರಾ?" ಎಂದು ನಕ್ಕ. ಭಾವನೂ ನಕ್ಕರು. ನಾನು ನಗಲಿಲ್ಲ. ಆ ನಾರು ನಾನು ಗಿಡಿದ ಬಿರಡೆಯದು. ಡೀಸೆಲ್ಲಿನಲ್ಲಿ ಜಾಲರಿ ತೊಳೆದು, ಹೊಸ ಆಯಿಲ್ ತುಂಬಿ, ಲಿವರ್ ಎಳೆದರೆ ಲಿಫ್ಟು ಸರಕ್ಕನೆ ಎದ್ದಿತು. ಅಷ್ಟು ಚುರುಕಾಗಿ ಅದು ಎದ್ದದ್ದನ್ನು ನೋಡಿ ನನಗೆ ಅಲ್ಲೇ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

ಊರಿಗೆ ಹೋಗುವ ದಾರಿ ಹುಣಸೂರಿನ ಮೇಲೆಯೇ. ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಇಳಿದು, ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾಮ ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವರು ಬೈಯುವುದೂ ಇಲ್ಲ ಎಂದು ನನಗೆ ಗೊತ್ತಿತ್ತು, ಅದೇ ನನ್ನ ಕಷ್ಟ. ಬೈಪಾಸಿನ ಕಡೆಯಿಂದ ಸುತ್ತಿ ಬಂದೆ.

ಡೇರಿಯಲ್ಲಿ ಮತ್ತೆ ಅದೇ ದೊಡ್ಡಪ್ಪ ಕೇಳಿದರು. "ಕೆ.ಆರ್. ನಗರದಲ್ಲಿ ಸರಿ ಮಾಡಿಸ್ದೆ" ಅಂದೆ. ಜಾಲರಿಯ ಮಾತು ಎತ್ತಲಿಲ್ಲ. ಅದು ಸುಳ್ಳಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಕೇಳಿದವರಿಗೆ ಅರ್ಥವಾಗಿದ್ದು ಒಂದೇ, ಸಾಬರ ಕೈಗುಣ ಹೋಗಿರುವುದು ನಿಜ. ನಮ್ಮೂರಿನ ಎರಡು ಟ್ರ್ಯಾಕ್ಟರು, ಪಕ್ಕದ ಊರಿನ ಒಂದು, ಆ ವರ್ಷ ರಿಪೇರಿಗೆ ಬೇರೆ ಕಡೆ ಹೋದವು. ಪ್ರತಿಯೊಂದು ಗಾಡಿಯ ಸುದ್ದಿಯೂ ನನ್ನ ಕಿವಿಗೆ ಬೀಳುತ್ತಿತ್ತು. ಪೇಟೆಗೆ ಹೋದಾಗ ಆ ಬೀದಿ ಬಿಟ್ಟು ಓಡಾಡಿದೆ. ಸೊಪ್ಪು ಮುರಿಯುವುದು ಮುಗಿಯಲಿ, ಬೇಯಿಸುವುದು ಮುಗಿಯಲಿ, ಬೇಲು ಹೋಗಲಿ, ಆಮೇಲೆ ಹೋಗಿ ಹೇಳುತ್ತೇನೆ ಎಂದುಕೊಂಡೆ. ಬೇಲು ಹೋದವು. ಮತ್ತೆ ಸಸಿಮಡಿ ಬಂತು. ಕೆಲಸವಿರುವವಳಿಗೆ ನೆಪಗಳಿಗೆ ಏನು ಕಡಿಮೆ.

ಒಂದು ದಿನ ಧೈರ್ಯ ಮಾಡಿ ಹೋದಾಗ ಶೆಡ್ಡಿಗೆ ಬೇರೆ ಬೀಗ ಬಿದ್ದಿತ್ತು. ತಗಡಿನ ಸಂದಿಯಲ್ಲಿ ನೋಡಿದರೆ ಒಳಗೆ ಯಾರದೋ ಸಿಮೆಂಟಿನ ಚೀಲಗಳು. ಎದುರಿನ ಟೀ ಅಂಗಡಿಯವರು, ಮೇಸ್ತ್ರಿ ಕೆಲಸ ಬಿಟ್ಟರು, ಎಚ್.ಡಿ. ಕೋಟೆ ಕಡೆ ಮಗಳ ಮನೆಯಲ್ಲಿದ್ದಾರೆ, ಅಲ್ಲಿ ಹ್ಯಾಂಡ್‌ಪೋಸ್ಟ್ ಅನ್ನುವ ಜಾಗದಲ್ಲಿ ಅಳಿಯನ ಅಂಗಡಿ ಎಂದರು. ನನ್ನ ಒಂದು ಮಾತಿಗೆ ಒಬ್ಬರ ಹೊಟ್ಟೆಪಾಡು ಹೋಯಿತು ಎಂದು ನಾನು ಆ ಬೀದಿಯಲ್ಲಿ ನಿಂತು ಅತ್ತೆ. ಮರುದಿನವೇ ಬಸ್ಸು ಹತ್ತಿದೆ.

ಅಳಿಯನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್ಟು, ಕೊಡ, ಹಗ್ಗ, ಟಾರ್ಪಾಲು. ಮಾಮ ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿ ಜುಬ್ಬ ಹಾಕಿಕೊಂಡು ಕೂತಿದ್ದರು. ನಾನು ಅವರ ಕೈಬೆರಳುಗಳನ್ನು ಗ್ರೀಸಿಲ್ಲದೆ ನೋಡಿದ್ದು ಅದೇ ಮೊದಲು. ನನ್ನನ್ನು ಕಂಡು ಅವರ ಮುಖ ಅರಳಿತು. "ಬಾಮ್ಮ ಬಾ, ಬಸ್ನಾಗ್ ಬಂದ್ಯಾ?" ಎಂದು ಕುರ್ಚಿ ಎಳೆದರು, ಟೀ ತರಿಸಿದರು. ಬೆಳೆ ಕೇಳಿದರು, ಅಕ್ಕನನ್ನು ಕೇಳಿದರು. ಟ್ರ್ಯಾಕ್ಟರನ್ನು ಕೇಳಲಿಲ್ಲ.

ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತು, "ಮಾಮ, ಅವತ್ತು ನಾನು ಆಯಿಲ್ ಬದಲಾಯಿಸಿರ್ಲಿಲ್ಲ. ನಿಮ್ಮತ್ರ ಸುಳ್ ಹೇಳ್ದೆ" ಎಂದುಬಿಟ್ಟೆ.

ಅವರು ಟೀ ಲೋಟವನ್ನು ಕೆಳಗಿಟ್ಟರು. "ಜಾಲರಿ?"

"ಅದೂ ತೊಳ್ಸಿರ್ಲಿಲ್ಲ. ಮುಚ್ಚಳ ಕಳ್ಕೊಂಡು ಗೋಣಿತಾಟು ಗಿಡಿದಿದ್ದೆ. ನಾರೆಲ್ಲ ಹೋಗಿ ಜಾಲರಿಗೆ ಕಟ್ಕೊಂಡಿತ್ತು."

ಅವರು ರಸ್ತೆಯ ಕಡೆ ತಿರುಗಿದರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಳ್ಳುವಂತೆ ಹೇಳಿದರು. "ಪಂಪು ಕೊಯ್ಯೋ ಅಂತ ಸದ್ದು ಮಾಡ್ತಿತ್ತು. ಎಳ್ಕೊಳಾಕ್ ಆಗ್ದೆ ಒದ್ದಾಡ್ತಾ ಅದೆ, ಜಾಲರೀನೇ ಕಟ್ಟಿರೋದು ಅಂತ ಅವತ್ತೇ ಕೇಳುಸ್ತು ನಂಗೆ."

"ಮತ್ತೆ ಯಾಕೆ ಬಿಚ್ಚಲಿಲ್ಲ ಮಾಮ?"

"ತೊಳ್ಸಿದೀನಿ ಅಂದ್ಯಲ್ಲಮ್ಮ ನೀನು."

ಹೇಳುವುದು ಇನ್ನೂ ಒಂದಿತ್ತು. "ಊರಲ್ಲೆಲ್ಲ ನಿಮ್ಮ ಕೈಗುಣ ಹೋಯ್ತು ಅಂತ ನಾನೇ ಹೇಳ್ಕೊಂಡ್ ಬಂದೆ. ಗಾಡಿಗಳು ಬರೋದು ನಿಂತು, ನೀವು ಶೆಡ್ಡು ಮುಚ್ಚೋ ಹಂಗಾಗಿದ್ದು ನನ್ನಿಂದ."

ಅವರು ಆಶ್ಚರ್ಯದಿಂದ ನೋಡಿದರು. ಆ ಮಾತು ಅವರಿಗೆ ತಲುಪಿಯೇ ಇರಲಿಲ್ಲ. "ಗಾಡಿಗೇನ್ ಕಮ್ಮಿ ಇತ್ತು? ಬತ್ತಾನೇ ಇದ್ವು. ನಾನೇ ವಾಪಸ್ ಕಳುಸ್ತಿದ್ದೆ" ಅಂದರು. "ನಲವತ್ ವರ್ಷ ಈ ಕಿವಿ ನಂಬ್ಕೊಂಡ್ ಕೆಲಸ ಮಾಡ್ದೋನು ಕಣಮ್ಮ ನಾನು. ನಿನ್ ಗಾಡಿಲಿ ಅದು ಜಾಲರಿ ಅಂತು, ನೀನು ಅಲ್ಲ ಅಂದೆ. ನಿಮ್ಮಪ್ಪನ್ ಮಗಳು ಸುಳ್ಯಾಕ್ ಹೇಳ್ತಾಳೆ, ನಂಗೇ ಕಿವಿ ಹೋಯ್ತು ಅನ್ಕೊಂಡೆ. ಆಮೇಲ್ ಯಾವ್ ಗಾಡಿ ಮುಂದೆ ಕೂತ್ರೂ ಅದೇ ಅನುಮಾನ. ಕೇಳುಸ್ತಿರೋದು ನಿಜಾನೋ, ಭ್ರಮೇನೋ ಅಂತ. ರೈತರ್ ಗಾಡಿ ಕೆಡ್ಸೋದ್ಕಿಂತ ಬುಟ್ಬುಡೋದೇ ವಾಸಿ ಅಂತ ಬುಟ್ಟೆ."

ಒಂದು ವರ್ಷವಿಡೀ ನಾನು ಡೇರಿಯಲ್ಲಿ ಆಡಿದ ಮಾತಿಗಾಗಿ ಸಂಕಟಪಟ್ಟಿದ್ದೆ. ಅದು ಮೂರು ಗಾಡಿಗಳನ್ನು ತಪ್ಪಿಸಿತ್ತು, ಅಷ್ಟೇ. ಶೆಡ್ಡಿಗೆ ಬೀಗ ಹಾಕಿಸಿದ್ದು ನಾನು ಅಷ್ಟಾಗಿ ಲೆಕ್ಕಕ್ಕಿಡದ ಇನ್ನೊಂದು ಮಾತು, ಜಾಲರಿ ತೊಳ್ಸಿದೆ ಅಂದದ್ದು.

"ನಿಮ್ಮ ಕಿವಿ ಸರಿಯಾಗೇ ಇತ್ತು ಮಾಮ. ಮತ್ತೆ ಶುರು ಮಾಡಿ. ನಾನು ಎಲ್ಲರಿಗೂ ಹೇಳ್ತೀನಿ" ಅಂದೆ.

"ಪಾನಾ, ಜಾಕು, ಎಲ್ಲಾ ಈ ಬಕ್ರೀದಿಗೆ ಕೊಟ್ಬುಟ್ಟೆ ಕಣಮ್ಮ, ಬನ್ನೂರ್ ಕಡೆಯೋನ್ ಒಬ್ಬ ತಗೊಂಡ್ ಹೋದ. ಅದಕ್ಕಿಂತ ಮುಂಚೆ ಒಂದ್ ಮಾತ್ ಹೇಳಿದ್ರೆ..." ಎಂದವರು, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿ, "ಹೋಗ್ಲಿ ಬುಡು. ಈಗ ಚೆನ್ನಾಗ್ ಎತ್ತುತ್ತಾ ಲಿಫ್ಟು?" ಎಂದು ಕೇಳಿದರು.

"ಎತ್ತುತ್ತೆ ಮಾಮ" ಅಂದೆ.

ಬಕ್ರೀದಿ ಆಗಿ ಆವತ್ತಿಗೆ ಇಪ್ಪತ್ತು ದಿನವೂ ಆಗಿರಲಿಲ್ಲ. ಕೆ.ಆರ್. ನಗರದಲ್ಲಿ ಆ ಜಾಲರಿಯನ್ನು ಕಣ್ಣಾರೆ ಕಂಡು ನನಗೆ ಒಂದು ವರ್ಷ ದಾಟಿತ್ತು.